ಹಂತ ಒಂದೇ, ಔಷಧಿ ಯಾಕೆ ಬೇರೆ?

ಪ್ರಶ್ನೆ: ಅಣ್ಣನಿಗೂ ಅವನ ಗೆಳೆಯನಿಗೂ ದೊಡ್ಡ ಕರುಳಿನ ಕ್ಯಾನ್ಸರ್, ನಾಲ್ಕನೇ ಹಂತ. ಗೆಳೆಯನಿಗೆ ಇಮ್ಯುನೋಥೆರಪಿ, ಅಣ್ಣನಿಗೆ ಕೀಮೋ. ಯಾಕೆ ಡಾಕ್ಟ್ರೇ?

ಉತ್ತರ: ಹಂತ ಒಂದೇ ಆದರೂ ಗಡ್ಡೆಯೊಳಗಿನ ಜೀನ್‌ಗಳ ಕೆಲಸ ಒಂದೇ ಅಲ್ಲಮ್ಮ. ಯಾವ ಜೀನ್ ಜಾಸ್ತಿ, ಯಾವುದು ಕಡಿಮೆ ಕೆಲಸ ಮಾಡುತ್ತಿದೆ ಎಂದು ನೋಡಿ 2015ರಲ್ಲಿ ಸಂಶೋಧಕರು ಈ ಕ್ಯಾನ್ಸರನ್ನು ನಾಲ್ಕು ಗುಂಪು ಮಾಡಿದರು. ಮೊದಲ ಗುಂಪು ನೂರಕ್ಕೆ ಸುಮಾರು 14. ಅದರಲ್ಲಿ ರೋಗನಿರೋಧಕ ಕಣಗಳು ಮುತ್ತಿಕೊಂಡಿರುತ್ತವೆ. ಮೈಕ್ರೋಸ್ಕೋಪಿನಡಿ ಬಣ್ಣ ಹಾಕಿದ ಗಡ್ಡೆಯ ಸ್ಲೈಡಿನಲ್ಲಿ ನನಗೆ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ, ನೀಲಿ ಸಾಸಿವೆ! ಇಮ್ಯುನೋಥೆರಪಿ, ಅಂದರೆ ಈ ಕಣಗಳನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ, ಹಿಡಿಯುವುದು ಹೆಚ್ಚಾಗಿ ಇಂಥವಕ್ಕೆ. ನಾಲ್ಕನೇ ಗುಂಪು ನಾರುನಾರು, ಮಹಾ ಹಠಮಾರಿ.

ಆಸ್ಪತ್ರೆಯಲ್ಲಿ ಗುಂಪು ಹುಡುಕುತ್ತಾ ಕೂರುವುದಿಲ್ಲ. ಇಮ್ಯುನೋಥೆರಪಿ ಹಿಡಿಯಬಹುದಾ ಎಂದು ತಿಳಿಯಲು ಎಂಎಂಆರ್ ಪರೀಕ್ಷೆ ಮಾಡಿಸುತ್ತಾರೆ; ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ ಗಡ್ಡೆಯಲ್ಲಿ ಕೆಟ್ಟಿದೆಯಾ ಎಂದು ಅದು ಹೇಳುತ್ತದೆ. ಅಣ್ಣನ ಬಯಾಪ್ಸಿ ವರದಿಯಲ್ಲಿ ಆ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಬಯಾಪ್ಸಿ ತುಣುಕನ್ನು ಇಟ್ಟಿರುವ ಹಳೆಯ ಮೇಣದ ಬ್ಲಾಕಿನಲ್ಲೇ ಮಾಡಬಹುದು.