ಸೀಸದ ಬೋರ್ಡು ಇಳಿಸಿ, ಎರಡು ಟ್ಯೂಬು ಹಾಕಿ

ಅಕ್ಕಾ, ನಿಮ್ಮ ಮಗನ ಪ್ರದರ್ಶನದ ಮಾಡೆಲ್ ಫೋಟೊ ನೋಡಿದೆ. ವಿಕಿರಣ ಎಣಿಸುವ ಗೈಗರ್ ಟ್ಯೂಬಿಗೆ ಸೀಸ ಸುತ್ತಿದ್ದಾನೆ, ಎಣಿಕೆ ನಿಮಿಷಕ್ಕೆ 24ರಿಂದ 15ಕ್ಕೆ ಇಳಿದಿದೆ, ಕೆಳಗೆ ‘ಗಗನಯಾನಿಗಳಿಗೆ ಸೀಸದ ಕವಚ’ ಅಂತ ಬೋರ್ಡು. ನಾನೂ ಒಮ್ಮೆ ಇದೇ ಬೋರ್ಡು ಬರೆದವನು. ದಯವಿಟ್ಟು ತೆಗೆಸಿ.

ಅಲ್ಲಿ ಇಳಿದದ್ದು ನಿಮ್ಮ ಡೊಂಬಿವಲಿ ಮನೆಯ ಗೋಡೆ, ಗ್ರಾನೈಟ್ ಕಟ್ಟೆಯಿಂದ ಬರುವ ಗಾಮಾ ಕಿರಣ. ಮೇಲೆ ಬಾಹ್ಯಾಕಾಶದ ಕಥೆ ಬೇರೆ. ಗ್ಯಾಲಕ್ಸಿಯಿಂದ ಬರುವ ಕಣಗಳಲ್ಲಿ, ಅಂದರೆ ಕಾಸ್ಮಿಕ್ ಕಿರಣದಲ್ಲಿ, ಸುಮಾರು 87% ಪ್ರೋಟಾನ್, 12% ಹೀಲಿಯಂ. ಉಳಿದ 1% ಭಾರದ ನ್ಯೂಕ್ಲಿಯಸ್, ಅದರ ಕಾಟವೇ ದೊಡ್ಡದು. ಕಬ್ಬಿಣದ ನ್ಯೂಕ್ಲಿಯಸ್ಸಿನ ಚಾರ್ಜು 26, ಹಾಗಾಗಿ ಅಷ್ಟೇ ವೇಗದ ಪ್ರೋಟಾನಿಗಿಂತ 26×26, ಅಂದರೆ 676 ಪಟ್ಟು ಶಕ್ತಿ ದಾರಿಯುದ್ದಕ್ಕೂ ಸುರಿಯುತ್ತದೆ. ಗಾಮಾ ಡಿಎನ್‌ಎಯನ್ನು ಹೆಚ್ಚಾಗಿ ಅಲ್ಲೊಂದು ಇಲ್ಲೊಂದು ಕಡೆ ಕಡಿಯುತ್ತದೆ. ಒಂದೇ ಎಳೆ ಹೋದರೆ ಎದುರಿನ ಎಳೆ ನೋಡಿ ಕೋಶ ಸರಿಪಡಿಸಿಕೊಳ್ಳುತ್ತದೆ. ಕಬ್ಬಿಣ ಹಾದಲ್ಲಿ ಎರಡೂ ಎಳೆ ಒತ್ತೊತ್ತಾಗಿ ತುಂಡಾಗುತ್ತವೆ, ತಪ್ಪು ತುದಿಗಳು ಅಂಟಿಕೊಳ್ಳುತ್ತವೆ. ಕ್ಯಾನ್ಸರಿನ ಭಯ ಅಲ್ಲಿಂದ. ಕಣ್ಣಿನ ಪೊರೆಯೂ ಬೇಗ ಬರಬಹುದು.

ಇಂಥ ಕಣ ಸೀಸಕ್ಕೆ ಬಡಿದರೆ ನ್ಯೂಟ್ರಾನ್‌ಗಳು ಸಿಡಿಯುತ್ತವೆ, ಅವೂ ಅಪಾಯವೇ. ಹೈಡ್ರೋಜನ್ ಹೆಚ್ಚಿರುವ ಪಾಲಿಥಿಲೀನ್ ಪ್ಲಾಸ್ಟಿಕ್, ನೀರು ವಾಸಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಮಲಗುವ ಗೂಡಿಗೆ ಪಾಲಿಥಿಲೀನ್ ಇಟ್ಟಿರುವುದು ಅದಕ್ಕೇ.

ಇನ್ನು ಎಣಿಕೆಯನ್ನು 0.0057ರಿಂದ ಗುಣಿಸಿ ಮೈಕ್ರೋಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಬರೆಯಬೇಡಿ. ಆ ಸಂಖ್ಯೆ ಗಾಮಾ ಮೂಲಕ್ಕೆ ಹೊಂದಿಸಿದ್ದು, ಭಾರದ ಕಣಕ್ಕಲ್ಲ. ಬದಲಿಗೆ ಅಳೆದ ಲೆಕ್ಕ ಬರೆಯಿರಿ: ನಿಲ್ದಾಣದಲ್ಲಿ ಆರು ತಿಂಗಳಿಗೆ 80–160 ಮಿಲಿಸೀವರ್ಟ್. ಮಂಗಳಕ್ಕೆ ಹೋಗುವ ದಾರಿಯಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಅಳೆದದ್ದು ದಿನಕ್ಕೆ ಸುಮಾರು 1.84. ಹೋಗಿಬರಲು 360 ದಿನ ಅಂದರೆ 650 ದಾಟೀತು! ನಾಸಾ ಇಡೀ ವೃತ್ತಿಗೆ ಇಟ್ಟ ಮಿತಿಯೇ 600.

ಮನೆಯಲ್ಲೇ ಕಾಸ್ಮಿಕ್ ಕಿರಣ ತೋರಿಸಬೇಕಾ? ಎರಡು ಎಸ್‌ಬಿಎಂ-20 ಗೈಗರ್ ಟ್ಯೂಬು ಒಂದರ ಮೇಲೊಂದು, ನಡುವೆ 3 ಸೆಂಮೀ. ಎರಡಕ್ಕೂ 400 ವೋಲ್ಟ್, ಪ್ರತಿ ಆನೋಡಿಗೆ ಬೇರೆ 5.1 ಮೆಗಾಓಮ್ ರೆಸಿಸ್ಟರ್. ಪಲ್ಸುಗಳನ್ನು 100 ಮೈಕ್ರೋಸೆಕೆಂಡ್ ಅಗಲದ ಚೌಕಾಕಾರಕ್ಕೆ ತಂದು 74ಎಚ್‌ಸಿ08 ಎಂಬ ಆಂಡ್-ಗೇಟ್ ಚಿಪ್ಪಿಗೆ ಕೊಡಿ, ಎರಡೂ ಒಟ್ಟಿಗೆ ಬಂದರೆ ಮಾತ್ರ ಎಣಿಸಲಿ. ಈಗ ನಡುವೆ 1 ಸೆಂಮೀ ಸೀಸ ಇಡಿ. ಎಣಿಕೆ ಹೆಚ್ಚೇನೂ ಇಳಿಯುವುದಿಲ್ಲ, ಅವು ಮ್ಯೂಆನ್, ಕಾಸ್ಮಿಕ್ ಕಿರಣ ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಕಣ. ಟ್ಯೂಬುಗಳನ್ನು ಅಕ್ಕಪಕ್ಕ ಮಲಗಿಸಿದರೆ ಇಳಿಯುತ್ತದೆ, ಏಕೆಂದರೆ ಹೆಚ್ಚಿನವು ಮೇಲಿಂದ ಬರುವುದು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮುಂಬೈ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ನಿರ್ದೇಶಕರಾಗುವ ಎಷ್ಟೋ ಮೊದಲೇ ಕೆಜಿಎಫ್ ಗಣಿಯೊಳಗಿಳಿದು ಇದೇ ಮ್ಯೂಆನ್ ಅಳೆದವರು. ಬೋರ್ಡಿನಲ್ಲಿ ಅವರ ಹೆಸರಿರಲಿ.

ಒಂದು ನಿಮಿಷದ ಎಣಿಕೆಗೆ ಬೆಲೆಯೇ ಇಲ್ಲ, ದಯವಿಟ್ಟು ಹಾಗೆ ಮಾಡಬೇಡಿ. 25 ಬಂದರೆ ಅದರ ವರ್ಗಮೂಲದಷ್ಟು, ±5, ಅಂದರೆ 20% ಅಲುಗಾಟ. ಒಂದು ಗಂಟೆ ಬಿಟ್ಟರೆ 1500ಕ್ಕೆ ±39 ಅಷ್ಟೇ. ಜೋಡಿ ಟ್ಯೂಬಿಗೆ ಎಣಿಕೆ ಕಡಿಮೆ, ರಾತ್ರಿಯಿಡೀ ಬಿಡಿ.

ಗಾಜಿನ ಜೆ305 ಟ್ಯೂಬು ಅಗ್ಗ ಅಂತ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡರೆ ಕಪ್ಪು ಟೇಪು ಸುತ್ತಿ, ಬೆಳಕು ಬಿದ್ದರೆ ಸುಳ್ಳು ಎಣಿಕೆ ಬರುತ್ತದೆ. ಗುಜರಿಯವನ ಸೀಸ ಮುಟ್ಟುವಾಗ ಗ್ಲೌಸ್ ಹಾಕಿ, ಮಗನಿಗೆ ಉಜ್ಜಲು ಕೊಡಬೇಡಿ. ಮತ್ತೆ, ಸ್ವಿಚ್ ಆರಿಸಿದರೂ ಕೆಪಾಸಿಟರಿನಲ್ಲಿ 400 ವೋಲ್ಟ್ ನಿಂತಿರುತ್ತದೆ. 1 ಮೆಗಾಓಮ್ ರೆಸಿಸ್ಟರ್ ತಾಗಿಸಿ ಇಳಿಸಿ, ಮೀಟರ್ ಇಟ್ಟು ನೋಡಿದ ಮೇಲೇ ಒಳಗೆ ಕೈ ಹಾಕಲಿ.