ಕೈಗಾದಲ್ಲಿ ಮಗಳಿದ್ದಾಳೆ, ಹೆದರಬೇಕಾ?

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ ಕಾಫಿ ತೋಟ. ಅಳಿಯನಿಗೆ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿದೆ. ಮಗಳು ಎರಡು ವರ್ಷದ ಮೊಮ್ಮಗನ ಜೊತೆ ಮಲ್ಲಾಪುರದ ಟೌನ್‌ಶಿಪ್‌ನಲ್ಲಿದ್ದಾಳೆ. ನೆಂಟರು ಬಂದಾಗೆಲ್ಲ ಹೆದರಿಸುತ್ತಾರೆ. ಅಲ್ಲಿರುವುದು ಸುರಕ್ಷಿತವೇ? ಏನಾದರೂ ಆದರೆ ಕೊಡಗಿಗೂ ತಟ್ಟುತ್ತದಾ?

ಉತ್ತರ: ನಿಮ್ಮ ಚಿಂತೆ ಅರ್ಥವಾಗುತ್ತದೆ. ಮೊದಲು ದಿನನಿತ್ಯದ ಮಾತು ಹೇಳಿಬಿಡುತ್ತೇನೆ. ಮಣ್ಣು, ಕಲ್ಲು, ಆಕಾಶ ಇವುಗಳಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣ ಅಳೆಯುವ ಮಾನ) ವಿಕಿರಣ ಬರುತ್ತದೆ. ಸ್ಥಾವರದಿಂದ ಸುತ್ತಲಿನ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ದಾಟಬಾರದು ಎಂದು ನಿಯಮವಿದೆ. ನಿಜಕ್ಕೂ ತಗಲುವುದು ಅದರಲ್ಲಿ ಒಂದು ಚೂರು ಮಾತ್ರ. ಎಲ್ಲ ಸರಿಯಾಗಿ ನಡೆಯುವ ದಿನಗಳಲ್ಲಿ ನಿಮ್ಮ ಮೊಮ್ಮಗ ಅಂಗಳದಲ್ಲಿ ಆರಾಮಾಗಿ ಆಡಬಹುದು.

ನಾವು ಯೋಚಿಸಬೇಕಾದ್ದು ಕೆಟ್ಟ ದಿನದ ಬಗ್ಗೆ.

ಒಲೆಯಿಂದ ಕೊಳ್ಳಿ ಎಳೆದುಬಿಟ್ಟರೂ ಕೆಂಡದ ಕಾವು ಇದ್ದೇ ಇರುತ್ತದೆ ಅಲ್ವಾ? ರಿಯಾಕ್ಟರೂ ಹಾಗೇ. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅಷ್ಟು ಕರೆಂಟು ಕೊಡಲು ಒಂದೊಂದು ಘಟಕದ ಒಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟಬೇಕು. ಗುಂಡಿ ಒತ್ತಿ ನಿಲ್ಲಿಸಿದ ಕ್ಷಣದಲ್ಲೂ ಅದರ ಶೇ. 6ರಷ್ಟು ಉಳಿದಿರುತ್ತದೆ. ಮನೆಯ 2 ಕಿಲೋವಾಟ್ ಗೀಸರ್ ಲೆಕ್ಕ ಹಾಕಿ: ಇಪ್ಪತ್ತು ಸಾವಿರಕ್ಕೂ ಜಾಸ್ತಿ ಗೀಸರ್ ಒಟ್ಟಿಗೆ ಉರಿದಂತೆ. ಈ ಕಾವು ಬೇಗ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ದಿನಗಟ್ಟಲೆ ನೀರು ಹರಿಯುತ್ತಲೇ ಇರಬೇಕು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಭೂಕಂಪ ಬಂದ ಕೂಡಲೇ ಓಡುತ್ತಿದ್ದ ರಿಯಾಕ್ಟರ್‌ಗಳು ನಿಂತವು. ಆಮೇಲೆ ಸುನಾಮಿ ನೀರು ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು. ಪಂಪು ನಿಂತು ಇಂಧನ ಕರಗಿತು.

ಹಾಗಾಗಿ ಯಾವ ಸ್ಥಾವರದ ಬಗ್ಗೆ ಕೇಳಿದರೂ ನಾನು ಮೊದಲು ನೋಡುವುದು ಇದನ್ನು: ಕರೆಂಟು ಪೂರ್ತಿ ಹೋದರೆ ನೀರು ಎಲ್ಲಿಂದ ಬರುತ್ತದೆ?

ನಮ್ಮ ದೇಶದಲ್ಲೇ ಇದಕ್ಕೊಂದು ಉದಾಹರಣೆ ಇದೆ. 1993ರ ಮಾರ್ಚ್ 31ರಂದು ಉತ್ತರಪ್ರದೇಶದ ನರೋರಾದಲ್ಲಿ ಟರ್ಬೈನ್ ಬ್ಲೇಡ್ ಮುರಿದು ದೊಡ್ಡ ಬೆಂಕಿ ಬಿತ್ತು. ಅದೂ ಕೈಗಾದಂಥದ್ದೇ 220 ಮೆಗಾವಾಟಿನ ಘಟಕ. ಬದಲಿ ವ್ಯವಸ್ಥೆಯ ಕೇಬಲ್‌ಗಳೂ ಮುಖ್ಯ ಕೇಬಲ್‌ಗಳ ಜೊತೆಯಲ್ಲೇ ಹಾದುಹೋಗಿದ್ದವು, ಎಲ್ಲವೂ ಸುಟ್ಟವು. ಸುಮಾರು 17 ಗಂಟೆ ಕರೆಂಟಿಲ್ಲ. ಸಿಬ್ಬಂದಿ ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದಲೇ ನೀರು ಕೊಟ್ಟು ರಿಯಾಕ್ಟರನ್ನು ತಣ್ಣಗಿಟ್ಟರು. ಇಂಧನಕ್ಕೆ ಏನೂ ಆಗಲಿಲ್ಲ. ಆ ರಾತ್ರಿ ಕೆಲಸ ಮಾಡಿದವರನ್ನು ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ. ಬದಲಿ ದಾರಿಯನ್ನು ಮುಖ್ಯ ದಾರಿಯ ಪಕ್ಕದಲ್ಲೇ ಇಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ ಎಂಬುದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದಾಗ ನೀವೇ ನೋಡಿದ್ದೀರಿ.

ಕೈಗಾ ಕಡಲಿನಿಂದ ಒಳಗಿದೆ, ಸುನಾಮಿ ಭಯವಿಲ್ಲ. ಕದ್ರಾ ಜಲಾಶಯದ ನೀರು ಪಕ್ಕದಲ್ಲೇ ಇದೆ. ಆದರೆ ಕಾಳಿ ನದಿಯ ಮೇಲ್ಭಾಗದಲ್ಲಿ ಕೊಡಸಳ್ಳಿ, ಸೂಪಾ ಅಣೆಕಟ್ಟೆಗಳೂ ಇವೆ. ಅವು ಒಡೆದರೆ ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬ ಲೆಕ್ಕ ಇಲ್ಲಿ ತುಂಬಾ ಮುಖ್ಯ. ಕೈಗಾದಲ್ಲಿ ತಪ್ಪುಗಳೇ ಆಗಿಲ್ಲ ಎಂದೂ ಹೇಳಲಾರೆ. 1994ರಲ್ಲಿ ಕಟ್ಟುವ ಹಂತದಲ್ಲೇ ಒಂದು ಘಟಕದ ಒಳಗುಮ್ಮಟ ಕುಸಿಯಿತು. 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಎಂಬ ವಿಕಿರಣ ವಸ್ತು ಇದ್ದ ಭಾರಜಲ (ರಿಯಾಕ್ಟರಿನಲ್ಲಿ ಬಳಸುವ ವಿಶೇಷ ನೀರು) ಬೆರೆಸಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಅದು ಸೇರಿತು. ಇಷ್ಟೆಲ್ಲ ತಿಳಿದೂ, ನನ್ನ ಮಗಳೇ ಅಲ್ಲಿದ್ದರೆ ಇರು ಎಂದೇ ಹೇಳುತ್ತೇನೆ. ದೊಡ್ಡ ಅಪಘಾತದ ಸಾಧ್ಯತೆ ತೀರಾ ಕಡಿಮೆ. ಸೊನ್ನೆ ಅಂತೂ ಅಲ್ಲ.

ಈಗ ಕೊಡಗಿನ ವಿಷಯ. ಕೈಗಾದಿಂದ ಮಡಿಕೇರಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ಸ್ಥಾವರದ ಸುತ್ತ 16 ಕಿ.ಮೀ.ವರೆಗೆ ತುರ್ತು ಯೋಜನೆ ಇರುತ್ತದೆ, ನೀವು ಅದರಿಂದ ಬಹಳ ಆಚೆ. ಮಳೆಗಾಲದ ಗಾಳಿ ಹೆಚ್ಚಾಗಿ ಕಡಲಿನಿಂದ ಒಳನಾಡಿಗೆ, ಅಂದರೆ ಕೈಗಾದಿಂದ ಯಲ್ಲಾಪುರದ ಕಡೆಗೆ ಬೀಸುತ್ತದೆ. ಕಾಳಿ ನೀರಿಗೂ ಕಾವೇರಿಗೂ ಸಂಬಂಧವಿಲ್ಲ.

ಆದರೂ ಬರೀ ಕಿಲೋಮೀಟರ್ ಎಣಿಸಬೇಡಿ. ಫುಕುಶಿಮಾದಲ್ಲಿ 20 ಕಿ.ಮೀ. ಒಳಗಿನವರನ್ನು ಖಾಲಿ ಮಾಡಿಸಿದರು. ಇಟಾಟೆ ಎಂಬ ಹಳ್ಳಿ ಸುಮಾರು 40 ಕಿ.ಮೀ. ದೂರವಿತ್ತು, ಜನ ಅಲ್ಲೇ ಉಳಿದರು. ಗಾಳಿ ಆ ಕಡೆ ತಿರುಗಿತ್ತು, ಮಳೆ ಹಿಮ ಸುರಿಯಿತು, ಮೋಡದಲ್ಲಿದ್ದ ವಿಕಿರಣ ದೂಳು ನೆಲಕ್ಕಿಳಿಯಿತು. ಕೊನೆಗೆ ಅವರೂ ಊರು ಬಿಡಬೇಕಾಯಿತು. 1986ರ ಚೆರ್ನೋಬಿಲ್ ಅಣುಸ್ಥಾವರ ಅಪಘಾತದ ದೂಳು ಸಾವಿರ ಕಿ.ಮೀ.ಗೂ ಆಚೆ ಜರ್ಮನಿಯ ಬವೇರಿಯಾದಲ್ಲಿ ಮಳೆಯ ಜೊತೆ ಬಿತ್ತು. ಅದರಲ್ಲಿದ್ದ ಸೀಸಿಯಂ-137 ಎಂಬ ವಿಕಿರಣ ವಸ್ತು ಅರ್ಧವಾಗಲು 30 ವರ್ಷ ಬೇಕು. ಅಲ್ಲಿನ ಕಾಡಿನ ಅಣಬೆ, ಕಾಡುಹಂದಿ ಮಾಂಸವನ್ನು ಇವತ್ತಿಗೂ ಪರೀಕ್ಷೆ ಮಾಡುತ್ತಾರೆ. ಕಕ್ಕಡ ತಿಂಗಳ ಮಳೆಯಲ್ಲಿ ಕಾಡಿನಿಂದ ಅಣಬೆ ತಂದು ಸಾರು ಮಾಡುವ ಮನೆಗಳಿಗೆ ಇದರ ಅರ್ಥ ಬೇಗ ಆಗುತ್ತದೆ. ಹಾಗೇನಾದರೂ ಆದ ದಿನ ದೂರದ ಊರಿನವರು ಮೊದಲು ನಿಗಾ ಇಡಬೇಕಾದ್ದು ಹಾಲು, ಸೊಪ್ಪು, ಅಣಬೆಯ ಮೇಲೆ. ಮನೆ ಬಿಟ್ಟು ಓಡಬೇಕಾಗಿಲ್ಲ.

ಮಗಳಿಗೆ ಎರಡು ಮಾತು ಹೇಳಿ. ಸೈರನ್ ಕೂಗಿದರೆ ಎಲ್ಲಿ ಸೇರಬೇಕು, ಮಗುವಿನ ಚೀಲದಲ್ಲಿ ಏನಿರಬೇಕು ಎಂದು ಈಗಲೇ ತಿಳಿದುಕೊಳ್ಳಲಿ. ಅಯೋಡಿನ್ ಮಾತ್ರೆ ಕೊಟ್ಟರೂ ಸುಮ್ನೆ ನುಂಗುವುದು ಬೇಡ. ಅದು ಥೈರಾಯ್ಡ್ ಒಂದನ್ನೇ ಕಾಯುತ್ತದೆ, ಹೇಳಿದ ಹೊತ್ತಿಗೆ ಹೇಳಿದಷ್ಟೇ ತೆಗೆದುಕೊಂಡರೆ ಮಾತ್ರ.

ಪ್ರಶ್ನೆ: ಹಿಂದೆ ಕೇರಳದ ಪೆರಿಂಗೋಮ್‌ನಲ್ಲಿ ಅಣುಸ್ಥಾವರ ಬರುವುದಿತ್ತಂತೆ. ಅಂಥದ್ದು ಮತ್ತೆ ನಮ್ಮ ಹತ್ತಿರ ಬಂದರೆ ಏನು ಕೇಳಬೇಕು? (ವಿರಾಜಪೇಟೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಹೌದಮ್ಮ, 1990ರ ದಶಕದ ಶುರುವಿನಲ್ಲಿ ಆ ಮಾತಿತ್ತು. ಜನ ವಿರೋಧಿಸಿದರು, ಕೈಬಿಟ್ಟರು. ನಿಮ್ಮೂರಿನಿಂದ ನೇರ ಗೆರೆಯಲ್ಲಿ ಐವತ್ತು ಕಿ.ಮೀ. ಆಸುಪಾಸು ಅಷ್ಟೇ.

ಸ್ಥಾವರಕ್ಕೆ ಜಾಗ ಆರಿಸುವ ನಮ್ಮ 1990ರ ನಿಯಮಗಳಲ್ಲಿ, 10 ಕಿ.ಮೀ. ಒಳಗೆ ಹತ್ತು ಸಾವಿರಕ್ಕಿಂತ ದೊಡ್ಡ ಊರು, 30 ಕಿ.ಮೀ. ಒಳಗೆ ಲಕ್ಷಕ್ಕಿಂತ ಹೆಚ್ಚು ಜನರ ಪಟ್ಟಣ ಇರದಿದ್ದರೆ ಒಳ್ಳೆಯದು ಎಂದಿತ್ತು. ಜನರ ಎಣಿಕೆ ಸುಲಭ, ಎಲ್ಲರೂ ಮಾಡುತ್ತಾರೆ. ನೀವು ರಸ್ತೆ ಎಣಿಸಿ. ಆ ಜನ ಎಷ್ಟು ದಾರಿಯಲ್ಲಿ ಹೊರಗೆ ಬರಬಹುದು? ಮಳೆಗೆ ಬರೆ ಜರಿದರೆ ಎಷ್ಟು ದಾರಿ ಉಳಿಯುತ್ತದೆ? ಹಾಸಿಗೆ ಹಿಡಿದ ಮುದುಕರು ಎಷ್ಟು ಮನೆಗಳಲ್ಲಿದ್ದಾರೆ? ಫುಕುಶಿಮಾ ಪ್ರಾಂತದಲ್ಲಿ ಸ್ಥಳಾಂತರ ಮತ್ತು ಆಮೇಲಿನ ಕಷ್ಟಗಳಿಂದಲೇ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು.

ಸ್ಥಾವರದ ಹೊರಗಿನ ತುರ್ತು ಕೆಲಸ ನಡೆಸುವುದು ಜಿಲ್ಲಾಡಳಿತ. ಎರಡು ವರ್ಷಕ್ಕೊಮ್ಮೆ ಊರವರನ್ನು ಸೇರಿಸಿ ಅಣಕು ಕಾರ್ಯಾಚರಣೆ ಮಾಡಬೇಕು. ಅದನ್ನು ಜನವರಿಯ ಬಿಸಿಲಲ್ಲಿ ಮಾಡಿದರೆ ಸಾಲದು, ಜುಲೈ ತಿಂಗಳ ಮಳೆಯಲ್ಲಿ, ರಾತ್ರಿ ಹೊತ್ತು ಮಾಡಿ ತೋರಿಸಿ ಎಂದು ಕೇಳಿ.