ಜೊಲ್ಲಿನಲ್ಲಿರುವ ಮದ್ದು ಮತ್ತು ಅಪ್ಪನ ಹೊಟ್ಟೆ ಹುಣ್ಣು

ಪ್ರಶ್ನೆ: ಎಂಡೋಸ್ಕೋಪಿಯಲ್ಲಿ ಅಪ್ಪನಿಗೆ ಹೊಟ್ಟೆ ಹುಣ್ಣು ಅಂತ ಗೊತ್ತಾಗಿದೆ. ಬ್ಯಾಕ್ಟೀರಿಯಾದಿಂದ ಬಂದದ್ದು ಎಂದು ಡಾಕ್ಟರು ಎರಡು ವಾರದ ಆ್ಯಂಟಿಬಯಾಟಿಕ್ ಬರೆದುಕೊಟ್ಟಿದ್ದಾರೆ. ಜೊಲ್ಲಿನಲ್ಲೇ ಹುಣ್ಣು ಮಾಯಿಸುವ ಅಂಶ ಇದೆ, ಚೆನ್ನಾಗಿ ಅಗಿದು ತಿಂದರೆ ಸಾಕು ಎಂದು ನೆಂಟರೊಬ್ಬರು ಹೇಳಿದ್ದೇ ತಡ, ಅಪ್ಪ ನಾಲ್ಕನೇ ದಿನಕ್ಕೆ ಮಾತ್ರೆ ನಿಲ್ಲಿಸಿದ್ದಾರೆ. ಇದು ನಿಜವಾ?

ಸಂಪಾದಕರ ಉತ್ತರ: ಮೊದಲು ಮಾತ್ರೆ ವಿಷಯ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಆಮೇಲೆ ಅದೇ ಮದ್ದಿಗೆ ಬಗ್ಗದೇ ಹೋಗಬಹುದು. ಮಲ ಡಾಂಬರಿನ ಹಾಗೆ ಕಪ್ಪಗಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಸೀದಾ ಆಸ್ಪತ್ರೆಗೆ ಹೋಗಿ.

ಇನ್ನು ನೆಂಟರ ಮಾತು. ಅದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಬಹಳ ಚೆಂದದ್ದು, ಹೇಳದೆ ಬಿಡಲು ಮನಸ್ಸಿಲ್ಲ.

ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ನರ ಬೆಳೆಸುವ ವಸ್ತುವಿನ ಹುಡುಕಾಟದಲ್ಲಿದ್ದರು. ಇಲಿಯ ಜೊಲ್ಲುಗ್ರಂಥಿಯ ಸಾರ ತೆಗೆದು ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದರು. ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದೇ ವಾರಕ್ಕೆ ಪಿಳಿಪಿಳಿ ನೋಡತೊಡಗಿದವು. ಹಲ್ಲೂ ಬೇಗ ಮೂಡಿತು. ಕೋಹೆನ್ ಇದರ ಬೆನ್ನು ಹತ್ತಿದರು, 1962ರಲ್ಲಿ ಆ ವಸ್ತುವನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಅದೇ ಕೋಶಗಳನ್ನು ಬೆಳೆಸುವ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇಜಿಎಫ್. ಬರೀ 53 ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಪ್ರೋಟೀನ್. 1986ರಲ್ಲಿ ಹಳೆಯ ಸಹೋದ್ಯೋಗಿ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಜೊತೆ ಕೋಹೆನ್‌ಗೆ ನೊಬೆಲ್ ಬಂತು.

ಹೊಟ್ಟೆಯ ನಂಟು ಗೊತ್ತಾದದ್ದು ಬೇರೆ ದಾರಿಯಿಂದ. ಮನುಷ್ಯರ ಮೂತ್ರದಲ್ಲಿ ಹೊಟ್ಟೆಯ ಆ್ಯಸಿಡ್ ತಗ್ಗಿಸುವ ಯುರೋಗ್ಯಾಸ್ಟ್ರೋನ್ ಎಂಬ ವಸ್ತು ಇದೆ ಎಂಬುದು ಹಳೆಯ ಸುದ್ದಿ. 1975ರಲ್ಲಿ ಗ್ರೆಗರಿ ಎಂಬ ವಿಜ್ಞಾನಿ ಅದರ ರಚನೆ ಬಿಡಿಸಿ ನೋಡಿದರೆ, ಅದು ಮನುಷ್ಯರ ಇಜಿಎಫ್ ಆಗಿತ್ತು!

ನಾವು ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಜೊಲ್ಲು ನುಂಗುತ್ತೇವೆ. ಅದರ ಜೊತೆ ಇಜಿಎಫ್ ಕೂಡ ಇಳಿಯುತ್ತದೆ. ಸಣ್ಣ ಕರುಳಿನ ಶುರುವಿನಲ್ಲಿರುವ ಬ್ರುನ್ನರ್ ಗ್ರಂಥಿಗಳೂ ಅದನ್ನು ಒಸರುತ್ತವೆ. ಹಾಗಾದರೆ ಹೊಟ್ಟೆಯ ಗೋಡೆ ಸುಮ್ನೆ ಬೆಳೆಯುತ್ತಲೇ ಇರಬೇಕಿತ್ತು, ಅಲ್ವಾ? ಇಲ್ಲ. ಇಜಿಎಫ್ ಹಿಡಿದುಕೊಳ್ಳುವ ಗ್ರಾಹಕಗಳು ಹೆಚ್ಚಾಗಿ ಇರುವುದು ಆ ಕೋಶಗಳ ಹಿತ್ತಲಲ್ಲಿ, ಊಟ ಹಾಯುವ ಮುಂಬಾಗಿಲಲ್ಲಿ ಅಲ್ಲ. ಗೋಡೆ ಗಟ್ಟಿ ಇರುವಷ್ಟು ದಿನ ಇಜಿಎಫ್ ಮುಂದಿನಿಂದಲೇ ಹಾದುಹೋಗುತ್ತದೆ. ಎಲ್ಲಾದರೂ ಗೋಡೆ ಕಿತ್ತುಹೋಯಿತು ಅನ್ನಿ, ಅಲ್ಲಿ ಹಿತ್ತಲು ತೆರೆದುಕೊಳ್ಳುತ್ತದೆ, ರಿಪೇರಿ ಶುರುವಾಗುತ್ತದೆ. ಸುತ್ತಲಿನ ಕೋಶಗಳು ಜರುಗಿ ಬಂದು ಗಾಯ ಮುಚ್ಚುತ್ತವೆ. ಹಳೆಯ ಹುಣ್ಣಿನ ಅಂಚಿನಲ್ಲಂತೂ ಇಜಿಎಫ್ ಒಸರುವ ಹೊಸ ಗ್ರಂಥಿಯೇ ಮೊಳೆಯುತ್ತದೆ. ಇದನ್ನು ಓದಿದ ದಿನ ನನಗೆ ನಮ್ಮ ಮೈ ಮೇಲೆ ಗೌರವ ಜಾಸ್ತಿಯಾಯಿತು. ಜೊಲ್ಲುಗ್ರಂಥಿ ತೆಗೆದ ಇಲಿಗಳಲ್ಲಿ ಹುಣ್ಣು ಮಾಯಲು ಹೆಚ್ಚು ದಿನ ಹಿಡಿಯುತ್ತದೆ ಎಂದೂ ಕಂಡಿದ್ದಾರೆ.

ಅಗಿಯುವ ಮಾತೂ ಗಾಳಿಯಲ್ಲಿ ಹುಟ್ಟಿದ್ದಲ್ಲ. 1964ರಲ್ಲಿ ರೈಲ್ವೆ ವೈದ್ಯ ಎಸ್.ಎಲ್. ಮಲ್ಹೋತ್ರಾ, ಅನ್ನ ಉಣ್ಣುವ ದಕ್ಷಿಣದಲ್ಲಿ ಈ ಹುಣ್ಣು ಜಾಸ್ತಿ ಎಂದು ಬರೆದರು. ಗೋಧಿ ರೊಟ್ಟಿ ಅಗಿಯುವಾಗ ಸುರಿಯುವ ಜೊಲ್ಲು ಉತ್ತರದವರನ್ನು ಕಾಯುತ್ತಿರಬಹುದು ಎಂಬುದು ಅವರ ಊಹೆ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಫ್ರ್ಯಾಂಕ್ ಟೋವಿ ಇದೇ ಪ್ರಶ್ನೆಯ ಹಿಂದೆ ಬಹಳ ವರ್ಷ ಬಿದ್ದರು, ನಮ್ಮ ಹುರುಳಿಯನ್ನೂ ಬಿಡದೆ ಪರೀಕ್ಷಿಸಿದರು. ನೀವೇ ನೋಡಿ: ಒಣ ಜೋಳದ ರೊಟ್ಟಿಯ ಒಂದು ಚೂರು ಬಾಯಿಗೆ ಹಾಕಿದರೆ ದವಡೆಯ ಮೂಲೆಯಿಂದ ನೀರು ಚಿಮ್ಮುತ್ತದೆ. ಕಲಸಿದ ಸಾರನ್ನ ನಾಲಿಗೆ ಮೇಲೆ ನಿಲ್ಲುವುದೇ ಇಲ್ಲ.

ಅಪ್ಪ ನಿಧಾನವಾಗಿ ಅಗಿದು ತಿನ್ನಲಿ, ಖಂಡಿತ ಒಳ್ಳೆಯದು. ಆದರೆ ಒಂದು ಕಡೆ ಗೋಡೆ ಕಟ್ಟುತ್ತಿರುವಾಗ ಇನ್ನೊಂದು ಕಡೆಯಿಂದ ಯಾರೋ ಕೆಡವುತ್ತಿದ್ದರೆ ಏನು ಮಾಡಬೇಕು? ಕೆಡವುವ ಕೈ ಹಿಡಿಯಬೇಕು. ನಿಮ್ಮ ಅಪ್ಪನ ಹೊಟ್ಟೆಯಲ್ಲಿ ಆ ಕೈ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡವರು. ಅದನ್ನು ಕಂಡುಹಿಡಿದದ್ದಕ್ಕೆ 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರನ್‌ಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾವನ್ನು ಓಡಿಸುವ ಶಕ್ತಿ ಜೊಲ್ಲಿಗಿಲ್ಲ. ಮಾತ್ರೆಗಿದೆ.

ಇನ್ನೊಂದು ಕೇಳಬೇಕು. ಅಪ್ಪ ಮಂಡಿನೋವಿಗೋ ಬೆನ್ನುನೋವಿಗೋ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರಾ? ಬೀಡಿ, ಸಿಗರೇಟು ಇದೆಯಾ? ಎರಡನ್ನೂ ಡಾಕ್ಟರಿಗೆ ಹೇಳಿ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆಯಾ ಎಂದು ಟೆಸ್ಟ್ ಮಾಡಿಸಿ. ಏನಾಯಿತು ಅಂತ ನನಗೂ ಎರಡು ಸಾಲು ಬರೆಯಿರಿ.